ಇ-ಸಿಗರೇಟು: ಜನರ ತಪ್ಪು ತಿಳುವಳಿಕೆ, ಸರ್ಕಾರದ ನಿಷೇಧ ಮತ್ತು ವ್ಯಾಪಾರಿಯ ಹೊಣೆ

ಕೆಲವು ಕಾಲದ ಹಿಂದೆ ಪೀಣ್ಯದ ಸಣ್ಣ ಕೈಗಾರಿಕೋದ್ಯಮಿಯೊಬ್ಬರು ಒಂದು ನಕ್ಷೆಯನ್ನು ಹಿಡಿದು ನಮ್ಮ ಕಚೇರಿಗೆ ಬಂದಿದ್ದರು. ಅವರದು ಪ್ಲಾಸ್ಟಿಕ್ ಅಚ್ಚಿನ ಘಟಕ. ವಿದೇಶದ ಗಿರಾಕಿಯೊಬ್ಬರು ಬಾಯಿಗಿಡುವ ಸಣ್ಣ ಕೊಳವೆಗಳನ್ನು ದೊಡ್ಡ ಸಂಖ್ಯೆಯಲ್ಲಿ ಮಾಡಿಕೊಡುವಿರಾ ಎಂದು ಕೇಳಿ ಪತ್ರ ಬರೆದಿದ್ದರು. ದರ ಚೆನ್ನಾಗಿತ್ತು, ಅಚ್ಚಿನ ವೆಚ್ಚವನ್ನೂ ಗಿರಾಕಿಯೇ ಭರಿಸುವುದಾಗಿ ತಿಳಿಸಿದ್ದರು. ನಕ್ಷೆಯ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ 'ವೇಪ್' ಎಂಬ ಪದವಿತ್ತು. "ಸಾರ್, ನಾನು ಮಾಡುವುದು ಬರೀ ಪ್ಲಾಸ್ಟಿಕ್ ತುಂಡು. ಇದರಲ್ಲಿ ನಿಕೋಟಿನ್ನೂ ಇಲ್ಲ, ಬ್ಯಾಟರಿಯೂ ಇಲ್ಲ. ನಮ್ಮ ದೇಶದಲ್ಲಿ ಮಾರುವುದೂ ಇಲ್ಲ. ಹೀಗಿರುವಾಗ ತೊಂದರೆ ಏನು?" ಎಂಬುದು ಅವರ ಪ್ರಶ್ನೆ.

ತೊಂದರೆ ಇದೆ ಎಂದು ಉತ್ತರಿಸಿದೆ. ಅದರ ವಿವರ ಮುಂದೆ ಬರುತ್ತದೆ. ಆದರೆ ಹೊರಡುವ ಮುನ್ನ ಅವರಾಡಿದ ಇನ್ನೊಂದು ಮಾತು ಈ ಲೇಖನಕ್ಕೆ ಕಾರಣವಾಯಿತು. "ಸಿಗರೇಟು ಮಾರಬಹುದು, ಇದನ್ನು ಮಾರಬಾರದು ಎಂದರೆ ಇದು ಸಿಗರೇಟಿಗಿಂತ ಕೆಟ್ಟದ್ದೇ ಇರಬೇಕಲ್ಲವೇ ಸಾರ್?" ಎಂದರು. ಕಾನೂನನ್ನು ನೋಡಿ ವಸ್ತುವಿನ ಗುಣವನ್ನು ಊಹಿಸುವ ಈ ರೀತಿ ಸಹಜವಾದುದೇ. ನಮ್ಮ ಸದಸ್ಯರಲ್ಲಿಯೂ ಹಲವರು ಹಾಗೆಯೇ ಭಾವಿಸಿರಬಹುದು. ಪ್ರಸ್ತುತ ವಿಷಯದಲ್ಲಿ ಮಾತ್ರ ಈ ಊಹೆ ತಪ್ಪಾಗಿದೆ.

ಉಪಕರಣದ ಸ್ವರೂಪ

ಇ-ಸಿಗರೇಟು ಎಂಬುದರಲ್ಲಿ ಒಂದು ಲಿಥಿಯಂ ಬ್ಯಾಟರಿ, ಕಾಯುವ ಒಂದು ಸಣ್ಣ ತಂತಿಸುರುಳಿ, ದ್ರವ ತುಂಬಿದ ಒಂದು ಕೋಶ ಹಾಗೂ ಬಾಯಿಗಿಡುವ ಕೊಳವೆ ಇರುತ್ತವೆ. ದ್ರವದ ಬಹುಪಾಲು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಅದಕ್ಕೆ ಸುವಾಸನೆಯನ್ನೂ, ಸಾಮಾನ್ಯವಾಗಿ ನಿಕೋಟಿನನ್ನೂ ಸೇರಿಸಿರುತ್ತಾರೆ. ಸುರುಳಿ ಕಾದಾಗ ದ್ರವವು ಸೂಕ್ಷ್ಮ ಹನಿಗಳ ಮಂಜಾಗಿ ಮೇಲೇಳುತ್ತದೆ. ಬಳಸುವವನು ಅದನ್ನು ಒಳಕ್ಕೆಳೆದುಕೊಳ್ಳುತ್ತಾನೆ. ಇಲ್ಲಿ ಏನೂ ಉರಿಯುವುದಿಲ್ಲ, ಬೂದಿಯೂ ಉಳಿಯುವುದಿಲ್ಲ. ಇಂದಿನ ಮಾದರಿಯ ಉಪಕರಣವನ್ನು 2003ರಲ್ಲಿ ರೂಪಿಸಿದವರು ಹೋನ್ ಲಿಕ್ ಎಂಬ ಚೀನೀ ಔಷಧ ತಜ್ಞರು.

ನಿಕೋಟಿನ್ ಬೇರೆ, ಹೊಗೆ ಬೇರೆ

ಜನರ ತಪ್ಪು ತಿಳುವಳಿಕೆಯ ಬೇರು ಇರುವುದು ಇಲ್ಲಿ. ಸಿಗರೇಟು ಸೇದುವವನನ್ನು ಹಿಡಿದಿಡುವುದು ನಿಕೋಟಿನ್. ಅದು ಚಟ ಹಿಡಿಸುವ ವಸ್ತು, ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ, ಗರ್ಭಿಣಿಯರಿಗೂ ಬೆಳೆಯುವ ಮಕ್ಕಳ ಮಿದುಳಿಗೂ ಹಾನಿಕರ. ಇದರಲ್ಲಿ ಎರಡು ಮಾತಿಲ್ಲ. ಆದರೆ ಶ್ವಾಸಕೋಶದ ಕ್ಯಾನ್ಸರ್, ದೀರ್ಘಕಾಲದ ಉಸಿರಾಟದ ಕಾಯಿಲೆ ಮತ್ತು ಸಿಗರೇಟಿನಿಂದ ಬರುವ ಹೃದ್ರೋಗಗಳಿಗೆ ಮುಖ್ಯ ಕಾರಣ ಎಲೆಯನ್ನು ಸುಟ್ಟಾಗ ಹುಟ್ಟುವ ಟಾರು, ಇಂಗಾಲದ ಮಾನಾಕ್ಸೈಡ್ ಮತ್ತು ಸಾವಿರಾರು ರಾಸಾಯನಿಕಗಳು. ಜನರು ಸೇದುವುದು ಒಂದಕ್ಕಾಗಿ, ಸಾಯುವುದು ಮತ್ತೊಂದರಿಂದ ಎಂಬ ಅಭಿಪ್ರಾಯವನ್ನು ಬ್ರಿಟನ್ನಿನ ಮನೋವೈದ್ಯ ಮೈಕೇಲ್ ರಸೆಲ್ 1976ರಷ್ಟು ಹಿಂದೆಯೇ ಮಂಡಿಸಿದ್ದರು.

ಈ ಭೇದವನ್ನು ಸಾಮಾನ್ಯ ಜನರು ಅರಿಯದಿದ್ದರೆ ಆಶ್ಚರ್ಯವಿಲ್ಲ. ಆದರೆ ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ವೈದ್ಯರನ್ನು ಪ್ರಶ್ನಿಸಿ ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ಶೇ. 80ರಷ್ಟು ವೈದ್ಯರು ನಿಕೋಟಿನ್ನೇ ನೇರವಾಗಿ ಕ್ಯಾನ್ಸರ್ ತರುತ್ತದೆಂದು ನಂಬಿದ್ದುದು ಕಂಡುಬಂದಿತು! ವೈದ್ಯರು ತಾವೇ ಬರೆದುಕೊಡುವ ನಿಕೋಟಿನ್ ಗಮ್ ಕ್ಯಾನ್ಸರ್ ತರುವುದೆಂದು ನಂಬಿದ್ದರೆ ರೋಗಿಗೆ ಯಾವ ಧೈರ್ಯದಿಂದ ಸಲಹೆ ನೀಡಿಯಾರು?

ಇಂಗ್ಲೆಂಡಿನ ಧೂಮಪಾನಿಗಳ ವಿಷಯದಲ್ಲಿ ಇನ್ನೂ ವಿಚಿತ್ರವಾದ ಬೆಳವಣಿಗೆ ನಡೆದಿದೆ. 2014ರಲ್ಲಿ ಅವರಲ್ಲಿ ಸುಮಾರು ಶೇ. 44 ಮಂದಿ ಇ-ಸಿಗರೇಟು ಸಿಗರೇಟಿಗಿಂತ ಕಡಿಮೆ ಹಾನಿಕರವೆಂದು ತಿಳಿದಿದ್ದರು. 2023ರ ವೇಳೆಗೆ ಹಾಗೆ ತಿಳಿದವರು ಸುಮಾರು ಶೇ. 27ಕ್ಕೆ ಇಳಿದರು. ಅರ್ಧಕ್ಕಿಂತ ಹೆಚ್ಚು ಮಂದಿ ಅದು ಸಿಗರೇಟಿನಷ್ಟೇ ಅಥವಾ ಅದಕ್ಕಿಂತ ಹೆಚ್ಚು ಕೆಟ್ಟದ್ದೆಂದು ಹೇಳಿದರು. ಈ 9 ವರ್ಷಗಳಲ್ಲಿ ವೈಜ್ಞಾನಿಕ ಸಾಕ್ಷ್ಯ ಹೆಚ್ಚುತ್ತ ಹೋಯಿತು, ತಿಳುವಳಿಕೆ ಮಾತ್ರ ಹಿಂದಕ್ಕೆ ನಡೆಯಿತು. ಇಂಗ್ಲೆಂಡಿನ ಸರ್ಕಾರವೇ ಧೂಮಪಾನಿಗಳಿಗೆ ಇ-ಸಿಗರೇಟಿಗೆ ಬದಲಾಗಿರೆಂದು ಹೇಳುತ್ತಿದ್ದ ಕಾಲದಲ್ಲಿ ಹೀಗಾಯಿತೆಂಬುದು ಗಮನಾರ್ಹ.

ಶೇ. 95 ಎಂಬ ಅಂಕಿ

ನಿರ್ಬಂಧವನ್ನು ವಿರೋಧಿಸುವವರು ಪದೇ ಪದೇ ಉದ್ಧರಿಸುವ ಅಂಕಿ ಒಂದಿದೆ. ಇ-ಸಿಗರೇಟು ಸಿಗರೇಟಿಗಿಂತ ಶೇ. 95ರಷ್ಟು ಕಡಿಮೆ ಹಾನಿಕರ ಎಂಬುದು. 2015ರ ಆಗಸ್ಟಿನಲ್ಲಿ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಎಂಬ ಸರ್ಕಾರಿ ಸಂಸ್ಥೆ ತನ್ನ ವರದಿಯಲ್ಲಿ ಇದನ್ನು ಸೇರಿಸಿತು. ಮಾರನೆಯ ವರ್ಷ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಕೂಡ ದೀರ್ಘಕಾಲದ ಅಪಾಯವು ಸಿಗರೇಟಿನ ಶೇ. 5ನ್ನು ಮೀರಲಾರದೆಂದು ಅಭಿಪ್ರಾಯಪಟ್ಟಿತು.

ಲೆಕ್ಕಪರಿಶೋಧಕನ ಕಣ್ಣಿಗೆ ಈ ಅಂಕಿ ಸ್ವಲ್ಪ ಇರುಸುಮುರುಸು ಉಂಟುಮಾಡುತ್ತದೆ. ಇದು ಅಳೆದು ಪಡೆದ ಅಂಕಿಯಲ್ಲ. ತಜ್ಞರ ಒಂದು ಗುಂಪು ಕುಳಿತು ವಿವಿಧ ತಂಬಾಕು ಉತ್ಪನ್ನಗಳಿಗೆ ತಮ್ಮ ತಿಳುವಳಿಕೆಯಂತೆ ಅಂಕ ನೀಡಿ ಮಾಡಿದ, 2014ರಲ್ಲಿ ಪ್ರಕಟವಾದ ಅಂದಾಜು ಅದರ ಮೂಲ. 'ದಿ ಲ್ಯಾನ್ಸೆಟ್' ಪತ್ರಿಕೆ ತನ್ನ ಸಂಪಾದಕೀಯದಲ್ಲಿ ಇದರ ತಳಹದಿ ದುರ್ಬಲವೆಂದು ಟೀಕಿಸಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ತಾತ್ಕಾಲಿಕ ಅಂದಾಜು, ಪರಿಶೋಧಿತ ಆಖೈರು ಲೆಕ್ಕವಲ್ಲ. ಬಳಕೆಗೆ ಬಂದು ಇಪ್ಪತ್ತು ವರ್ಷವಾದ ವಸ್ತುವಿನ ನಲವತ್ತು ವರ್ಷದ ಪರಿಣಾಮವನ್ನು ಯಾರೂ ಅಳೆದಿರಲಾರರು. ಆದರೂ ಅಂಕಿ ಅನಿಶ್ಚಿತವೆಂದ ಮಾತ್ರಕ್ಕೆ ದಿಕ್ಕು ಅನಿಶ್ಚಿತವಾಗುವುದಿಲ್ಲ. ಇಂಗ್ಲೆಂಡಿನ ಸರ್ಕಾರಕ್ಕಾಗಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ತಜ್ಞರು 2022ರಲ್ಲಿ ಸಲ್ಲಿಸಿದ ವಿಸ್ತೃತ ವರದಿಯೂ ಅಲ್ಪ ಮತ್ತು ಮಧ್ಯಮ ಅವಧಿಯಲ್ಲಿ ಇದರ ಅಪಾಯ ಧೂಮಪಾನದ ಅಪಾಯದ ಒಂದು ಸಣ್ಣ ಅಂಶವೆಂದೇ ಹೇಳಿತು. ಧೂಮಪಾನ ಮಾಡದವರಿಗೆ ಅದು ಅಪಾಯರಹಿತವಲ್ಲ ಎಂಬುದನ್ನೂ ಅದೇ ವರದಿ ಸೇರಿಸಿತು. ಮೊದಲ ವಾಕ್ಯವನ್ನು ಒಂದು ಪಕ್ಷದವರೂ ಎರಡನೆಯದನ್ನು ಮತ್ತೊಂದು ಪಕ್ಷದವರೂ ಕತ್ತರಿಸಿ ಇಟ್ಟುಕೊಂಡಿದ್ದಾರೆ.

2019ರ ಅಮೆರಿಕದ ಪ್ರಕರಣ

ತಪ್ಪು ತಿಳುವಳಿಕೆಯನ್ನು ಗಟ್ಟಿಗೊಳಿಸಿದ ಘಟನೆ ಇದಾದ್ದರಿಂದ ಸ್ವಲ್ಪ ವಿವರವಾಗಿ ನೋಡುವುದು ಉಚಿತ. 2019ರ ಬೇಸಿಗೆಯಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಆರೋಗ್ಯವಂತ ಯುವಕರು ತೀವ್ರ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರತೊಡಗಿದರು. ಅವರೆಲ್ಲರೂ ಯಾವುದೋ ಒಂದು ವೇಪ್ ಉಪಕರಣ ಬಳಸಿದ್ದರು. ಪ್ರಕರಣಗಳು ಸೆಪ್ಟೆಂಬರಿನಲ್ಲಿ ಉತ್ತುಂಗಕ್ಕೇರಿದವು. ಪ್ರಪಂಚದ ಪತ್ರಿಕೆಗಳೆಲ್ಲ 'ಇ-ಸಿಗರೇಟಿನಿಂದ ಸಾವು' ಎಂದು ಬರೆದವು. ರೋಗಕ್ಕೆ ಇಟ್ಟ ಅಧಿಕೃತ ಹೆಸರಿನಲ್ಲಿಯೇ ಇ-ಸಿಗರೇಟು ಎಂಬ ಪದ ಸೇರಿಹೋಯಿತು. 2020ರ ಫೆಬ್ರುವರಿ 18ರವರೆಗೆ ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ಲೆಕ್ಕದಂತೆ ಆಸ್ಪತ್ರೆ ಸೇರಿದ ಅಥವಾ ಮೃತಪಟ್ಟ ಪ್ರಕರಣಗಳು 2,807. ಅವುಗಳಲ್ಲಿ ಸಾವು 68.

ಕಾರಣವೇನೆಂದು ಹುಡುಕಿದಾಗ ಬೇರೆಯೇ ಚಿತ್ರ ಕಂಡಿತು. ರೋಗಿಗಳಲ್ಲಿ ಹೆಚ್ಚಿನವರು ಸೇದಿದ್ದುದು ಗಾಂಜಾದ ಸಾರವಾದ ಟಿ.ಎಚ್.ಸಿ. ತುಂಬಿದ, ಕಾಳಸಂತೆಯಲ್ಲಿ ಕೊಂಡ ಕೋಶಗಳನ್ನು. ಆ ಎಣ್ಣೆಯನ್ನು ಗಟ್ಟಿಯಾಗಿ ಕಾಣಿಸಲು ಕಲಬೆರಕೆದಾರರು ವಿಟಮಿನ್ ಇ ಅಸಿಟೇಟ್ ಬೆರೆಸಿದ್ದರು. 51 ರೋಗಿಗಳ ಶ್ವಾಸಕೋಶದಿಂದ ತೆಗೆದ ದ್ರವವನ್ನು ಪರೀಕ್ಷಿಸಿದಾಗ 48 ಮಂದಿಯಲ್ಲಿ ಆ ವಸ್ತು ಸಿಕ್ಕಿತು. ಈ ಫಲಿತಾಂಶ ಪ್ರಕಟವಾದದ್ದು ಆ ವರ್ಷದ ಕೊನೆಯಲ್ಲಿ.

ದಿನಾಂಕಗಳನ್ನು ಒಂದರ ಪಕ್ಕ ಒಂದಿಟ್ಟು ನೋಡೋಣ. ಭಾರತ ಸರ್ಕಾರ ಇ-ಸಿಗರೇಟು ನಿಷೇಧದ ಸುಗ್ರೀವಾಜ್ಞೆ ಹೊರಡಿಸಿದ್ದು 2019ರ ಸೆಪ್ಟೆಂಬರ್ 18ರಂದು. ಅಮೆರಿಕದ ಸುದ್ದಿ ಅತ್ಯಂತ ಬಿಸಿಯಾಗಿದ್ದ ತಿಂಗಳು ಅದು. ನಿಷೇಧಕ್ಕೆ ಅದೊಂದೇ ಕಾರಣವೆಂದು ಹೇಳುವುದು ನ್ಯಾಯವಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2018ರ ಆಗಸ್ಟಿನಲ್ಲಿಯೇ ರಾಜ್ಯಗಳಿಗೆ ಸಲಹಾ ಪತ್ರ ಬರೆದಿತ್ತು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2019ರ ಮೇ ತಿಂಗಳಲ್ಲಿ ಪೂರ್ಣ ನಿಷೇಧವನ್ನು ಶಿಫಾರಸು ಮಾಡಿತ್ತು. ಆದರೆ ಜನರ ಮನಸ್ಸಿನಲ್ಲಿ ಎರಡೂ ಒಂದಾಗಿ ಬೆಸೆದುಕೊಂಡವು. ಕಾಳಸಂತೆಯ ಕಲಬೆರಕೆಯಿಂದ ಆದ ಸಾವು, ವ್ಯಾಪಾರವನ್ನೇ ಕಾಳಸಂತೆಗೆ ತಳ್ಳುವ ಕಾನೂನಿಗೆ ಸಮರ್ಥನೆಯಾಗಿ ಕಂಡಿತು.

ಇನ್ನೊಂದು ಬದಿಯ ಭ್ರಮೆ

'ಬರೀ ನೀರಿನ ಆವಿ, ಏನೂ ಆಗುವುದಿಲ್ಲ' ಎನ್ನುವುದು ಅಷ್ಟೇ ದೊಡ್ಡ ಸುಳ್ಳು. ಅದು ನೀರಿನ ಆವಿಯಲ್ಲ, ನಿಕೋಟಿನ್ ಇದ್ದರೆ ಚಟ ಖಂಡಿತ. ಅಮೆರಿಕದಲ್ಲಿ ಜೂಲ್ ಎಂಬ ಕಂಪನಿ ಪೆನ್‌ಡ್ರೈವ್‌ನಂತೆ ಕಾಣುವ ಉಪಕರಣವನ್ನು ಹಣ್ಣಿನ ಪರಿಮಳಗಳೊಂದಿಗೆ ಮಾರಿತು. 2019ರ ಸರ್ಕಾರಿ ಸಮೀಕ್ಷೆಯಲ್ಲಿ ಅಲ್ಲಿನ ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ಶೇ. 27.5 ಮಂದಿ ಇ-ಸಿಗರೇಟು ಬಳಸುವವರಿದ್ದರು. ಯಾವ ತಂದೆತಾಯಿಯರನ್ನಾದರೂ ಗಾಬರಿಗೊಳಿಸುವ ಅಂಕಿ ಇದು. 2024ರಲ್ಲಿ ಅದು ಶೇ. 7.8ಕ್ಕೆ ಇಳಿಯಿತು. ಮಕ್ಕಳನ್ನು ಸೆಳೆಯುವ ಪ್ರಚಾರ ಮಾಡಿದ ಆರೋಪದ ತನಿಖೆಯನ್ನು ಇತ್ಯರ್ಥಪಡಿಸಲು ಜೂಲ್ 2022ರಲ್ಲಿ ಮೂವತ್ತಕ್ಕೂ ಹೆಚ್ಚು ರಾಜ್ಯಗಳಿಗೆ 43.85 ಕೋಟಿ ಡಾಲರ್ ಕೊಡಲು ಒಪ್ಪಿತು. ವ್ಯಾಪಾರದ ದೃಷ್ಟಿಯಿಂದಲೂ ಇದೊಂದು ಪಾಠ: ಮಾರ್ಲ್‌ಬರೋ ತಯಾರಕರಾದ ಆಲ್ಟ್ರಿಯಾ 2018ರ ಡಿಸೆಂಬರಿನಲ್ಲಿ 1,280 ಕೋಟಿ ಡಾಲರ್ ತೆತ್ತು ಜೂಲ್‌ನ ಶೇ. 35 ಪಾಲನ್ನು ಕೊಂಡಿತ್ತು. 2023ರ ಮಾರ್ಚಿನಲ್ಲಿ ಬಹುತೇಕ ಅಷ್ಟನ್ನೂ ಕಳೆದುಕೊಂಡು ಹೊರಬಂದಿತು.

ಧೂಮಪಾನ ಬಿಡಿಸುವ ಶಕ್ತಿಯ ಬಗ್ಗೆಯೂ ಪೂರ್ಣ ಲೆಕ್ಕ ನೋಡಬೇಕು. 2019ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪ್ರಯೋಗವೊಂದರಲ್ಲಿ 886 ಮಂದಿ ಭಾಗವಹಿಸಿದ್ದರು. ಒಂದು ವರ್ಷದ ನಂತರ ಇ-ಸಿಗರೇಟು ಪಡೆದವರಲ್ಲಿ ಶೇ. 18, ನಿಕೋಟಿನ್ ಗಮ್, ಪಟ್ಟಿ ಮುಂತಾದವನ್ನು ಪಡೆದವರಲ್ಲಿ ಶೇ. 9.9 ಮಂದಿ ಸಿಗರೇಟು ಬಿಟ್ಟಿದ್ದರು. ಅಂದರೆ ಹತ್ತಿರಹತ್ತಿರ ಇಮ್ಮಡಿ ಫಲ. ಆದರೆ ಇ-ಸಿಗರೇಟಿನಿಂದ ಬಿಟ್ಟವರಲ್ಲಿ ಶೇ. 80 ಮಂದಿ ವರ್ಷದ ಕೊನೆಗೂ ಇ-ಸಿಗರೇಟನ್ನು ಸೇದುತ್ತಲೇ ಇದ್ದರು. ಇನ್ನೊಂದು ಗುಂಪಿನಲ್ಲಿ ಗಮ್, ಪಟ್ಟಿಗಳನ್ನು ಮುಂದುವರಿಸಿದವರು ಶೇ. 9 ಮಾತ್ರ. ಹೊಗೆ ತಪ್ಪಿತು, ಚಟ ಉಳಿಯಿತು. ಇದನ್ನು ಲಾಭವೆನ್ನಬೇಕೋ ಅರ್ಧ ಲಾಭವೆನ್ನಬೇಕೋ ಎಂಬಲ್ಲಿಯೇ ವೈದ್ಯರಲ್ಲಿ ಎರಡು ಪಂಗಡಗಳಾಗಿವೆ.

ಸದಸ್ಯರು ಈ ವಿಷಯದ ಯಾವುದೇ ಕರಪತ್ರ ಓದುವಾಗ ಅದರ ಹಿಂದಿನ ಹಣವನ್ನೂ ವಿಚಾರಿಸುವುದು ಒಳ್ಳೆಯದು. ನಿರ್ಬಂಧ ಬೇಡವೆನ್ನುವ ಪಾಳೆಯದಲ್ಲಿ ಹೆಸರಾದ 'ಫೌಂಡೇಶನ್ ಫಾರ್ ಎ ಸ್ಮೋಕ್-ಫ್ರೀ ವರ್ಲ್ಡ್' 2017ರಲ್ಲಿ ಸ್ಥಾಪನೆಯಾದದ್ದು ಫಿಲಿಪ್ ಮಾರಿಸ್ ಇಂಟರ್‌ನ್ಯಾಷನಲ್ ಎಂಬ ಸಿಗರೇಟು ಕಂಪನಿಯ ಹಣದಿಂದ. ಎದುರು ಪಾಳೆಯದಲ್ಲಿ ಬ್ಲೂಮ್‌ಬರ್ಗ್ ಅವರ ಲೋಕೋಪಕಾರಿ ಸಂಸ್ಥೆ ಪರಿಮಳಯುಕ್ತ ಇ-ಸಿಗರೇಟುಗಳ ವಿರುದ್ಧದ ಚಳವಳಿಗೆ 2019ರಲ್ಲಿ 16 ಕೋಟಿ ಡಾಲರ್ ಘೋಷಿಸಿತು. ಕಂಪನಿಯ ಲೆಕ್ಕಪತ್ರದಲ್ಲಿ ಸಂಬಂಧಿತ ಪಕ್ಷಗಳ ವ್ಯವಹಾರವನ್ನು ಪ್ರತ್ಯೇಕವಾಗಿ ತೋರಿಸಬೇಕೆಂಬ ನಿಯಮವಿದೆ. ಕರಪತ್ರಗಳಿಗೆ ಅಂಥ ನಿಯಮವಿಲ್ಲ.

ಕಾಯಿದೆ ಏನು ಹೇಳುತ್ತದೆ

ಈಗ ನಮ್ಮ ಸದಸ್ಯರಿಗೆ ನೇರವಾಗಿ ಸಂಬಂಧಿಸಿದ ಭಾಗಕ್ಕೆ ಬರೋಣ. ಕರ್ನಾಟಕ ಸರ್ಕಾರ 2016ರ ಜೂನ್‌ನಲ್ಲಿಯೇ, ಅಂದರೆ ಕೇಂದ್ರಕ್ಕಿಂತ ಮೂರು ವರ್ಷ ಮೊದಲೇ, ಇ-ಸಿಗರೇಟನ್ನು ನಿಷೇಧಿಸಿತ್ತು. ಸುಗ್ರೀವಾಜ್ಞೆಯ ಸ್ಥಾನದಲ್ಲಿ ಸಂಸತ್ತು ಅಂಗೀಕರಿಸಿದ ಕೇಂದ್ರ ಕಾಯಿದೆ 2019ರ 42ನೇ ಕಾಯಿದೆಯಾಗಿದ್ದು, 2019ರ ಸೆಪ್ಟೆಂಬರ್ 18ರಿಂದಲೇ ಜಾರಿಗೆ ಬಂದಿರುವುದಾಗಿ ಪರಿಗಣಿಸಲ್ಪಟ್ಟಿದೆ.

ಮೊದಲು ವ್ಯಾಖ್ಯೆ. ಯಾವುದೇ ವಸ್ತುವನ್ನು ಕಾಯಿಸಿ ಒಳಕ್ಕೆಳೆದುಕೊಳ್ಳುವ ಮಂಜನ್ನುಂಟುಮಾಡುವ ವಿದ್ಯುನ್ಮಾನ ಉಪಕರಣವೆಲ್ಲವೂ ಇದರಲ್ಲಿ ಸೇರುತ್ತದೆ. ನಿಕೋಟಿನ್ ಇದ್ದರೂ ಸೇರುತ್ತದೆ, ಇಲ್ಲದಿದ್ದರೂ ಸೇರುತ್ತದೆ. ತಂಬಾಕನ್ನು ಸುಡದೆ ಕಾಯಿಸುವ ಉಪಕರಣಗಳೂ ಇ-ಹುಕ್ಕಾವೂ ಸೇರುತ್ತವೆ. ಹೆಸರು, ಆಕಾರ, ಗಾತ್ರ ಏನಿದ್ದರೂ ವಿನಾಯಿತಿ ಇಲ್ಲ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯಿದೆಯಡಿ ಪರವಾನಗಿ ಪಡೆದ ಉತ್ಪನ್ನ ಮಾತ್ರ ಹೊರಗುಳಿಯುತ್ತದೆ. 'ನಿಕೋಟಿನ್ ರಹಿತ, ಗಿಡಮೂಲಿಕೆಯದು' ಎಂದು ಹೇಳಿ ಚಿಲ್ಲರೆ ಅಂಗಡಿಗಳಿಗೆ ಸರಕು ತಂದುಕೊಡುವ ಮಧ್ಯವರ್ತಿಗಳಿದ್ದಾರೆ. ಆ ಮಾತನ್ನು ನಂಬಿ ದಾಸ್ತಾನು ಇಟ್ಟುಕೊಳ್ಳುವವರು ಈ ವ್ಯಾಖ್ಯೆಯನ್ನು ಮತ್ತೊಮ್ಮೆ ಓದಿಕೊಳ್ಳತಕ್ಕದ್ದು.

4ನೇ ಕಲಂ ಉತ್ಪಾದನೆ, ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ ಮತ್ತು ಜಾಹೀರಾತುಗಳನ್ನು ನಿಷೇಧಿಸುತ್ತದೆ. ಅಲ್ಲಿ 'ಪೂರ್ಣ ಉತ್ಪನ್ನವಾಗಿ ಆಗಲಿ ಅದರ ಯಾವುದೇ ಭಾಗವಾಗಿ ಆಗಲಿ' ಎಂಬ ಅರ್ಥದ ಮಾತು ಇದೆ. ಪೀಣ್ಯದ ಉದ್ಯಮಿಯ ಪ್ರಶ್ನೆಗೆ ಉತ್ತರ ಈ ಮಾತಿನಲ್ಲಿದೆ. ಬಾಯಿಗಿಡುವ ಕೊಳವೆ ಆ ಉಪಕರಣದ ಭಾಗ. ರಫ್ತೂ ನಿಷಿದ್ಧ ಪಟ್ಟಿಯಲ್ಲಿದೆ. ಹೊರದೇಶದಲ್ಲಿ ಆ ವಸ್ತು ಕಾನೂನುಬದ್ಧವಾಗಿರುವುದರಿಂದ ಇಲ್ಲಿ ರಕ್ಷಣೆ ದೊರೆಯದು.

ಬ್ಯಾಟರಿ, ತಂತಿ, ಸರ್ಕ್ಯೂಟ್ ಬೋರ್ಡುಗಳ ವಿಷಯ ಇಷ್ಟು ಸರಳವಲ್ಲ. ಅದೇ ಬ್ಯಾಟರಿ ಟಾರ್ಚಿಗೂ ಹೋಗುತ್ತದೆ, ಆಟಿಕೆಗೂ ಹೋಗುತ್ತದೆ. ಸಾಮಾನ್ಯ ಬಳಕೆಯ ಬಿಡಿಭಾಗವನ್ನು ಮಾರಿದವನನ್ನೆಲ್ಲ ಅಪರಾಧಿಯೆನ್ನಲು ಬರುವುದಿಲ್ಲ. ಆದರೆ ಗಿರಾಕಿಯ ನಕ್ಷೆ, ಖರೀದಿ ಆದೇಶ, ಪತ್ರವ್ಯವಹಾರಗಳಲ್ಲಿ ಅಂತಿಮ ಬಳಕೆ ಸ್ಪಷ್ಟವಾಗಿದ್ದರೆ 'ನನಗೆ ತಿಳಿಯದು' ಎಂಬ ಮಾತು ನಿಲ್ಲದು. ಅಂತಿಮ ಬಳಕೆಯ ಬಗ್ಗೆ ಗಿರಾಕಿಯಿಂದ ಲಿಖಿತ ಘೋಷಣೆ ಪಡೆದು ಕಡತದಲ್ಲಿಡುವುದನ್ನು ನಾನು ನಮ್ಮ ಕಕ್ಷಿದಾರರಿಗೆ ಕಡ್ಡಾಯ ಮಾಡಿದ್ದೇನೆ.

5ನೇ ಕಲಂ ದಾಸ್ತಾನಿಗೆ ಸಂಬಂಧಿಸಿದ್ದು. ಜಾಗದ ಮಾಲೀಕ, ಅನುಭೋಗದಾರ ಅಥವಾ ಜಾಗದ ಮೇಲೆ ಹತೋಟಿಯುಳ್ಳವನು ತಿಳಿದೂ ತಿಳಿದೂ ಅಲ್ಲಿ ಇ-ಸಿಗರೇಟು ಸಂಗ್ರಹಿಸಲು ಬಿಡಬಾರದು. ಗೋದಾಮು ಬಾಡಿಗೆಗೆ ಕೊಡುವ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಬಾಡಿಗೆ ಕರಾರಿನಲ್ಲಿ ನಿಷಿದ್ಧ ಸರಕಿನ ಬಗ್ಗೆ ಒಂದು ಷರತ್ತು ಸೇರಿಸುವುದಕ್ಕೆ ಖರ್ಚೇನೂ ಇಲ್ಲ.

ಶಿಕ್ಷೆ ಹೀಗಿದೆ: 4ನೇ ಕಲಮಿನ ಉಲ್ಲಂಘನೆಗೆ ಮೊದಲ ಸಲ ಒಂದು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ, ಪುನಃ ತಪ್ಪೆಸಗಿದರೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ಐದು ಲಕ್ಷದವರೆಗೆ ದಂಡ. ದಾಸ್ತಾನಿನ ತಪ್ಪಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ 50,000 ರೂಪಾಯಿವರೆಗೆ ದಂಡ ಅಥವಾ ಎರಡೂ. 4ನೇ ಕಲಮಿನ ಅಪರಾಧ ಸಂಜ್ಞೇಯ. ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ ವಾರಂಟ್ ಇಲ್ಲದೆ ಶೋಧಿಸಿ ಜಪ್ತಿ ಮಾಡಬಹುದು. ಕಂಪನಿ ತಪ್ಪೆಸಗಿದರೆ ವ್ಯವಹಾರದ ಉಸ್ತುವಾರಿ ಹೊತ್ತವರೂ ಹೊಣೆಯಾಗುತ್ತಾರೆ. ವೈಯಕ್ತಿಕ ಬಳಕೆ ಎಂಬ ಪದ 4ನೇ ಕಲಮಿನಲ್ಲಿ ಇಲ್ಲವಾದರೂ ವಿದೇಶದಿಂದ ಬರುವಾಗ ಚೀಲದಲ್ಲಿ ತಂದರೂ ಅದು ಆಮದೇ ಆಗುತ್ತದೆಂಬುದನ್ನು ಪ್ರವಾಸ ಹೋಗುವ ಸದಸ್ಯರು ನೆನಪಿಡಬೇಕು.

ತೆರಿಗೆಯ ಬಗ್ಗೆ ಎರಡು ಮಾತು. 2022ರಿಂದ ಅಂತರರಾಷ್ಟ್ರೀಯ ಸರಕು ಪಟ್ಟಿಯಲ್ಲಿ ಇಂಥ ಉಪಕರಣಗಳಿಗೆ 8543.40 ಎಂಬ ಸಂಕೇತವೂ, ಸುಡದೆ ಒಳಕ್ಕೆಳೆದುಕೊಳ್ಳುವ ನಿಕೋಟಿನ್ ಉತ್ಪನ್ನಗಳಿಗೆ 2404 ಎಂಬ ಶೀರ್ಷಿಕೆಯೂ ದೊರೆತಿವೆ. ನಮ್ಮ ತೆರಿಗೆ ಪಟ್ಟಿಗಳಲ್ಲಿಯೂ ಈ ಸಂಖ್ಯೆಗಳು ಕಾಣುತ್ತವೆ. 'ತೆರಿಗೆ ದರವಿದೆ, ಆದ್ದರಿಂದ ವ್ಯಾಪಾರಕ್ಕೆ ಅವಕಾಶವಿದೆ' ಎಂದು ಒಬ್ಬ ಸದಸ್ಯರು ವಾದಿಸಿದ್ದುಂಟು. ದರಪಟ್ಟಿ ಪರವಾನಗಿಯಲ್ಲ. ಇನ್ನು, ಕಾನೂನು ನಿಷೇಧಿಸಿದ ಉದ್ದೇಶಕ್ಕೆ ಮಾಡಿದ ಖರ್ಚನ್ನು ವ್ಯಾಪಾರದ ಖರ್ಚೆಂದು ಕಳೆಯಲು 1961ರ ಆದಾಯ ತೆರಿಗೆ ಕಾಯಿದೆಯ 37(1)ನೇ ಕಲಮಿನ ವಿವರಣೆ ಅವಕಾಶ ಕೊಡಲಿಲ್ಲ. 2025ರ ಹೊಸ ಕಾಯಿದೆಯೂ ಅದೇ ತತ್ವವನ್ನು ಉಳಿಸಿಕೊಂಡಿದೆ. ಬೆಳ್ಳಿ ವ್ಯಾಪಾರಿಯೊಬ್ಬರಿಂದ ಮುಟ್ಟುಗೋಲಾದ ಬೆಳ್ಳಿಯ ನಷ್ಟವನ್ನು ವ್ಯಾಪಾರ ನಷ್ಟವೆಂದು ಪರಿಗಣಿಸಲು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ನಿರಾಕರಿಸಿತು. ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಜಿಎಸ್‌ಟಿಯ ಹೂಡುವಳಿ ತೆರಿಗೆ ಜಮೆಯೂ ಸಿಗದು. ಹೀಗೆ ಸರಕು ಹೋಗುತ್ತದೆ, ತೆರಿಗೆ ಉಳಿಯುತ್ತದೆ.

ನಿಷೇಧವೇ ಸರಿಯಾದ ದಾರಿಯೇ?

ಕಾಯಿದೆಯನ್ನು ಪಾಲಿಸುವುದು ಒಂದು, ಅದನ್ನು ಬದಲಿಸಿರೆಂದು ಕೇಳುವುದು ಇನ್ನೊಂದು. ಎರಡನೆಯದಕ್ಕೆ ನಮಗೆ ಹಕ್ಕಿದೆ. ನನ್ನ ಸ್ವಂತ ಅಭಿಪ್ರಾಯದಲ್ಲಿ ಪೂರ್ಣ ನಿಷೇಧ ಸರಿಯಾದ ದಾರಿಯಲ್ಲ.

2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 28.6 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು; ಕರ್ನಾಟಕದಲ್ಲಿ ಶೇ. 22.8. ಇ-ಸಿಗರೇಟು ಬಳಸುತ್ತಿದ್ದವರು ದೇಶದಲ್ಲಿ ಶೇ. 0.02 ಮಾತ್ರ. ಭಾರತದಲ್ಲಿ ತಂಬಾಕಿನಿಂದ ವರ್ಷಕ್ಕೆ ಸುಮಾರು 13.5 ಲಕ್ಷ ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೊಲ್ಲುವ ವಸ್ತು ಪ್ರತಿ ಬೀದಿಯ ಮೂಲೆಯಲ್ಲಿ ಸಿಗುತ್ತದೆ. ಅದನ್ನು ಬಿಡಲು ಕೆಲವರಿಗಾದರೂ ನೆರವಾಗಬಲ್ಲ ವಸ್ತು ಅಪರಾಧವಾಗಿದೆ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ತಂಬಾಕು ಮಂಡಳಿಯ ಹರಾಜು ಕಟ್ಟೆಗಳಲ್ಲಿ ಸಿಗರೇಟಿನ ಎಲೆ ಮಾರಾಟವಾಗುತ್ತದೆ. ಸಿಗರೇಟು ಮಾರುವವನಿಗೆ ನಮ್ಮ ರಾಜ್ಯದಲ್ಲಿ 2025ರಿಂದ ಗಿರಾಕಿಯ ವಯಸ್ಸು 21 ತುಂಬಿರಬೇಕೆಂಬ ನಿಯಮವಿದೆ. ಹೆಚ್ಚು ಅಪಾಯದ ವಸ್ತುವಿಗೆ ವಯಸ್ಸಿನ ಮಿತಿ, ಕಡಿಮೆ ಅಪಾಯದ್ದಕ್ಕೆ ಸೆರೆಮನೆ. ಸುಗ್ರೀವಾಜ್ಞೆಯ ದಿನ ಷೇರುಪೇಟೆಯಲ್ಲಿ ಸಿಗರೇಟು ಕಂಪನಿಗಳ ಷೇರುಗಳು ಏರಿದ್ದನ್ನು ಬಲ್ಲವರು ಬಲ್ಲರು.

ನಿಷೇಧದ ಪರವಾದ ವಾದದಲ್ಲಿಯೂ ಹುರುಳಿದೆಯೆಂಬುದನ್ನು ಒಪ್ಪಲೇಬೇಕು. ಬಳಕೆ ಶೇ. 0.02 ಇರುವಾಗಲೇ ತಡೆದರೆ ಹೊಸ ಚಟವೊಂದು ಬೇರುಬಿಡದು ಎಂಬುದು ಅದರ ತಿರುಳು. ನಮ್ಮಲ್ಲಿ ತಂಬಾಕು ಬಳಸುವವರಲ್ಲಿ ಹೆಚ್ಚಿನವರು ಅಗಿಯುವವರು ಮತ್ತು ಬೀಡಿ ಸೇದುವವರು. ಸಾವಿರಾರು ರೂಪಾಯಿಯ ಉಪಕರಣ ಬೀಡಿ ಸೇದುವ ಕೂಲಿಯವನಿಗೆ ಎಟುಕದು, ಕಾಲೇಜು ಹುಡುಗನಿಗೆ ಎಟುಕುತ್ತದೆ. ಬಿಡಿ ಸಿಗರೇಟಿನ ಮಾರಾಟವನ್ನೇ ತಡೆಯಲಾಗದ ವ್ಯವಸ್ಥೆ ಇದನ್ನು ಮಕ್ಕಳಿಂದ ದೂರವಿಟ್ಟೀತೇ ಎಂಬ ಪ್ರಶ್ನೆಗೆ ನನ್ನಲ್ಲಿ ಸುಲಭ ಉತ್ತರವಿಲ್ಲ.

ಆದರೆ ನಿಷೇಧವಾದರೂ ತಡೆದಿದೆಯೇ? ಕಾಯಿದೆ ಬಂದು ಮೂರೂವರೆ ವರ್ಷದ ಮೇಲೆ, 2023ರ ಮೇ ತಿಂಗಳಲ್ಲಿ ಆರೋಗ್ಯ ಸಚಿವಾಲಯವೇ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಅಂಗಡಿಗಳಲ್ಲಿಯೂ ಅಂತರಜಾಲದಲ್ಲಿಯೂ ಮಾರಾಟ ನಡೆದಿರುವುದರ ವಿರುದ್ಧ ಎಚ್ಚರಿಸಬೇಕಾಯಿತು. ಹೀಗೆ ಬರುವ ಸರಕಿಗೆ ತಯಾರಕರ ಹೆಸರಿಲ್ಲ, ನಿಕೋಟಿನ್ ಪ್ರಮಾಣದ ಮಿತಿಯಿಲ್ಲ, ಬಿಲ್ಲಿಲ್ಲ, ತೆರಿಗೆಯಿಲ್ಲ. ಆಸ್ಟ್ರೇಲಿಯಾ 2021ರ ಅಕ್ಟೋಬರಿನಿಂದ ವೈದ್ಯರ ಚೀಟಿ ಕಡ್ಡಾಯ ಮಾಡಿತು, 2024ರ ಜುಲೈನಿಂದ ಔಷಧ ಅಂಗಡಿಯಲ್ಲಿ ಮಾತ್ರ ಮಾರಬೇಕೆಂದಿತು. ಅಲ್ಲಿ ಬೆಳೆದ ಕಾಳಸಂತೆಯ ಗುಂಪುಗಳ ಕಾದಾಟದಲ್ಲಿ ಮೆಲ್ಬರ್ನ್ ಸುತ್ತಮುತ್ತ ತಂಬಾಕು ಅಂಗಡಿಗಳಿಗೆ ಬೆಂಕಿ ಬಿದ್ದಿತು. ಕಡಲಾಚೆಯ ನೆರೆಯ ನ್ಯೂಜಿಲೆಂಡ್ 2020ರಲ್ಲಿ ನಿಯಂತ್ರಣದ ಕಾಯಿದೆ ತಂದಿತು. ಅಲ್ಲಿ ದಿನವೂ ಸಿಗರೇಟು ಸೇದುವ ವಯಸ್ಕರು 2011-12ರ ಶೇ. 16.4ರಿಂದ 2023-24ಕ್ಕೆ ಶೇ. 6.9ಕ್ಕಿಳಿದರು, ದಿನವೂ ಇ-ಸಿಗರೇಟು ಸೇದುವವರು ಶೇ. 11.1ಕ್ಕೇರಿದರು. ಲಾಭವೂ ಬೆಲೆಯೂ ಎರಡೂ ಆ ಅಂಕಿಗಳಲ್ಲಿವೆ.

ಬ್ರಿಟನ್ನಿನ ಪದ್ಧತಿಯನ್ನು ನಮ್ಮ ತಯಾರಕರು ಅಭ್ಯಾಸ ಮಾಡುವುದು ಒಳ್ಳೆಯದು. ಅಲ್ಲಿ 2016ರಿಂದ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂ ನಿಕೋಟಿನ್ ಮಿತಿ, 10 ಮಿಲಿಲೀಟರ್ ಮೀರದ ಬಾಟಲಿ, 2 ಮಿಲಿಲೀಟರ್ ಮೀರದ ಕೋಶ, ಮಾರುವ ಮುನ್ನ ಉತ್ಪನ್ನದ ವಿವರವನ್ನು ಔಷಧ ನಿಯಂತ್ರಕರಿಗೆ ಸಲ್ಲಿಸುವ ನಿಯಮ, 18 ವರ್ಷದ ಮಿತಿ ಇವೆ. ಮಕ್ಕಳ ಕೈಗೆ ಸುಲಭವಾಗಿ ಸಿಗುತ್ತಿದ್ದ ಬಳಸಿ ಎಸೆಯುವ ಉಪಕರಣಗಳನ್ನು 2025ರ ಜೂನ್ 1ರಿಂದ ನಿಷೇಧಿಸಲಾಯಿತು. 10 ಮಿಲಿಲೀಟರಿಗೆ 2 ಪೌಂಡ್ 20 ಪೆನ್ಸ್ ಸುಂಕವನ್ನು 2026ರ ಅಕ್ಟೋಬರಿನಿಂದ ವಿಧಿಸುವುದೆಂದು 2024ರ ಬಜೆಟ್ಟಿನಲ್ಲಿ ಪ್ರಕಟಿಸಲಾಯಿತು. ನಿರ್ಬಂಧವೇ ಬೇಡವೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಪರವಾನಗಿ ಪಡೆದ ಔಷಧ ಅಂಗಡಿಗಳಲ್ಲಿ ಮಾತ್ರ, ಪರಿಮಳವಿಲ್ಲದ, ಪ್ರಯೋಗಾಲಯದ ಪ್ರಮಾಣಪತ್ರವುಳ್ಳ ಉತ್ಪನ್ನವನ್ನು, ಈಗಾಗಲೇ ಧೂಮಪಾನಿಯಾದ ವಯಸ್ಕನಿಗೆ, ಸಿಗರೇಟಿಗಿಂತ ಕಡಿಮೆ ತೆರಿಗೆಯೊಂದಿಗೆ ಮಾರಲು ಅವಕಾಶವಿರಲಿ ಎಂಬುದು ನನ್ನ ಸೂಚನೆ. ಕಾಯಿದೆಯ ವ್ಯಾಖ್ಯೆಯಲ್ಲಿಯೇ ಔಷಧ ಪರವಾನಗಿಯ ಬಾಗಿಲು ಕಿರಿದಾಗಿ ತೆರೆದಿದೆ. ನಮ್ಮ ಮಂಡಳಿ ಮನವಿ ಸಲ್ಲಿಸುವುದಾದರೆ ಆ ಬಾಗಿಲಿನಿಂದಲೇ ಆರಂಭಿಸಬಹುದು.

ಪೀಣ್ಯದ ಉದ್ಯಮಿ ಆ ಆರ್ಡರನ್ನು ಒಪ್ಪಿಕೊಳ್ಳಲಿಲ್ಲ. ಗಿರಾಕಿಗೆ ಬರೆಯಬೇಕಾದ ಪತ್ರವನ್ನು ನಮ್ಮ ಕಚೇರಿಯಲ್ಲಿಯೇ ಸಿದ್ಧಪಡಿಸಿದೆವು. ನಕ್ಷೆಯನ್ನು ಹಿಂದಿರುಗಿಸಿ, ಅದರ ಪ್ರತಿಯನ್ನು ಇಟ್ಟುಕೊಂಡಿಲ್ಲವೆಂದೂ ಮಾದರಿ ಅಚ್ಚು ತಯಾರಿಸಿಲ್ಲವೆಂದೂ ಅದರಲ್ಲಿ ಸ್ಪಷ್ಟವಾಗಿ ದಾಖಲಿಸಿ, ನೋಂದಾಯಿತ ಅಂಚೆಯ ರಸೀತಿಯನ್ನು ಕಡತಕ್ಕೆ ಸೇರಿಸಿದ್ದೇವೆ. ಇಂಥ ವಿಚಾರಣೆಗಳು ಬಂದ ಸದಸ್ಯರು ಆ ಪತ್ರದ ನಮೂನೆಯನ್ನು ಮಂಡಳಿಯ ಕಚೇರಿಯಿಂದ ಪಡೆಯಬಹುದು.